ಬಲಜಡೆಗೆ ಮಾತ್ರ ಎಣ್ಣೆ

ತಲೆಯ ಬಲಭಾಗ ಎಣ್ಣೆ ಕುಡಿದು ಮಿರಮಿರ ಹೊಳೆಯುತ್ತಿತ್ತು. ಎಡಭಾಗ ತೆಂಗಿನ ನಾರಿನಂತೆ ದಿಕ್ಕಾಪಾಲಾಗಿ ಎದ್ದಿತ್ತು. ನಡುವೆ ಗೆರೆ ಎಳೆದಂತೆ ಬೈತಲೆ. ಇಂಥ ತಲೆಗೆ ಎರಡು ಜಡೆ ಹಾಕಿಕೊಂಡು, ನಿವೃತ್ತಿಗೆ ವರ್ಷವೂ ಉಳಿದಿರದ ನಮ್ಮ ಕೆಮಿಸ್ಟ್ರಿ ಮೇಡಂ ದಿನಾ ಬೇಲೂರಿನಿಂದ ಹಳೇಬೀಡಿನ ಮೇಲೆ ಅರಸೀಕೆರೆಯ ಕಾಲೇಜಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಪಕ್ಕದವರು ದಿಟ್ಟಿಸಿದರೆ, "ಪ್ರಯೋಗ ಕಣ್ರೀ" ಎಂದು ತಾವೇ ಶುರುಮಾಡುತ್ತಿದ್ದರು. ಹಳೇಬೀಡು ಬರುವಷ್ಟರಲ್ಲಿ ಪಕ್ಕದವರಿಗೆ ಅರ್ಧ ಕೆಮಿಸ್ಟ್ರಿ ಬಂದಿರುತ್ತಿತ್ತು. ಮೂರು ವರ್ಷ ಕಲಿತ ನನಗೆ ಅಷ್ಟೂ ಬಂದಿಲ್ಲ.

ಬೋರ್‌ವೆಲ್ ನೀರಿಗೆ ಕೂದಲು ಹಾಳಾಗುತ್ತಿದೆ ಎಂಬುದು ನಮ್ಮ ಹಾಸ್ಟೆಲ್ ಹುಡುಗಿಯರ ನಿತ್ಯದ ಗೋಳು. ತಲೆಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿದರೆ ಪ್ರಯೋಜನವಿದೆಯೇ ಎಂಬುದು ಮೇಡಂ ಪ್ರಶ್ನೆ. "ಹಚ್ಚಿದ್ರೆ ಒಳ್ಳೇದು ಅಂತ ನಮ್ಮಜ್ಜಿ ಹೇಳ್ತಿದ್ರು ಮೇಡಂ" ಎಂದಳು ಕಣಕಟ್ಟೆಯ ಹುಡುಗಿ. "ಅಜ್ಜಿ ಹೇಳಿದ್ದು ಉತ್ತರ ಅಲ್ಲ ಕಣೇ, ಪ್ರಶ್ನೆ. ಆಯ್ತಾ?"

ಹಾಗಾಗಿ ಇಪ್ಪತ್ತು ಹುಡುಗಿಯರು ಎರಡು ಜಡೆ ಹಾಕಿದರು. ಮೂರು ತಿಂಗಳು ಬಲಜಡೆಗೆ ಮಾತ್ರ ಎಣ್ಣೆ. ಎರಡು ಬಾಚಣಿಗೆ, ಬಾಚಿದಾಗ ಬಂದ ಕೂದಲಿಗೆ ಎಡ, ಬಲ ಎಂದು ಬರೆದ ಎರಡು ಕವರು. ಕವರುಗಳನ್ನು ಲ್ಯಾಬಿನ ಡಬ್ಬಿಗೆ ಹಾಕುವುದು. ಮೇಡಂ ಭೂತಗನ್ನಡಿ ಹಿಡಿದು ಎಣಿಸುತ್ತಿದ್ದರು. "ಬುಡದಲ್ಲಿ ಬಿಳಿ ಗಂಟಿದ್ರೆ ಉದುರಿದ್ದು, ಇಲ್ದಿದ್ರೆ ತುಂಡಾಗಿದ್ದು. ನಮಗೆ ಬೇಕಾಗಿರೋದು ತುಂಡು. ಆಯ್ತಾ?" ಕವರಿನ ಮೇಲೆ ಹೆಸರು ಬರೆಯುವ ಕೆಲಸ ನನ್ನದು. ಹುಡುಗನಾದ ನನ್ನ ತಲೆಯ ಮೇಲೆ ಪ್ರಯೋಗಕ್ಕೆ ಸಾಲುವಷ್ಟು ಕೂದಲಿರಲಿಲ್ಲ. ಒಳಗೆ ಏನಿತ್ತೆಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ನನಗೆ ಬರುತ್ತಿದ್ದ ಏಕೈಕ ವಿದ್ಯೆ ಬೇರೆಯವರ ಗಂಟಲು. ಪ್ರಿನ್ಸಿಪಾಲರ ಕೆಮ್ಮು, ರೈಲ್ವೆ ಸ್ಟೇಷನ್ನಿನ ಪ್ರಕಟಣೆ, ಎಲ್ಲಕ್ಕಿಂತ ಮಿಗಿಲಾಗಿ ಮೇಡಂ ಅವರ 'ಆಯ್ತಾ'. ಪ್ರಯೋಗ ಅರ್ಧಕ್ಕೆ ಬಂದಿದ್ದಾಗ ಒಂದು ಸಂಜೆ ಹಾಸ್ಟೆಲಿನ ಹಳೆಯ ಫೋನಿಗೆ ಕರೆ ಮಾಡಿ ಅವರದೇ ದನಿಯಲ್ಲಿ ಹೇಳಿದೆ: "ನಾಳೆಯಿಂದ ಬಲ ಬಿಟ್ಟು ಎಡಕ್ಕೆ ಹಚ್ಚಿ. ಎಲ್ಲರಿಗೂ ಹೇಳಿ. ಆಯ್ತಾ?"

"ಆಯ್ತು ಮೇಡಂ."

ಬೆಳಗ್ಗೆ ಗುಟ್ಟು ರಟ್ಟಾಗುತ್ತದೆ, ಎಲ್ಲರೂ ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಹುಡುಗಿಯರು ತಲೆ ತೊಳೆದೇ ಕ್ಲಾಸಿಗೆ ಬರುತ್ತಿದ್ದರಿಂದ ಮೇಡಂ ಕಣ್ಣಿಗೂ ಬೀಳಲಿಲ್ಲ. ವಾರ ಕಳೆದ ಮೇಲೆ ಮಾದಿಹಳ್ಳಿಯ ಹುಡುಗಿಯನ್ನು ಮೆಲ್ಲಗೆ ಕೇಳಿದೆ.

"ಎಡಕ್ಕೇ ಹಚ್ತಾ ಇದೀವಲ್ಲ. ಮೇಡಂ ಏನೋ ಲೆಕ್ಕ ಹಾಕಿರ್ತಾರೆ. ನಿಂಗ್ಯಾಕ್ಲಾ?" ಎಂದಳು.

ಮೇಡಂಗೆ ಹೇಳದೆ ಕವರಿನ ಮೇಲೆ ಹೆಸರು ಬರೆಯುತ್ತಲೇ ಹೋದೆ. ಹಾಗೇ ಮೂರು ತಿಂಗಳು ಮುಗಿಯಿತು. ಎಡದ್ದು, ಬಲದ್ದು ಬೇರೆಬೇರೆ ಕೂಡಿದರೆ ತುಂಡಾದ ಕೂದಲು ಎರಡೂ ಕಡೆ ಹೆಚ್ಚುಕಡಿಮೆ ಸಮ. ಹಾಸನದಲ್ಲಿ ಅಧ್ಯಾಪಕರ ಸಭೆಯೊಂದರಲ್ಲಿ ಮೇಡಂ ಇದನ್ನು ಓದಬೇಕಿತ್ತು. ಇಷ್ಟು ವರ್ಷದ ಪಾಠದ ನಡುವೆ ಅವರು ಸ್ವಂತವಾಗಿ ಮಾಡಿದ್ದು ಇದೊಂದೇ ಸಂಶೋಧನೆ. ಮುಖ ಸಣ್ಣದಾಗಿತ್ತು. "ಎಣ್ಣೆಯಿಂದ ಏನೂ ಇಲ್ಲ ಅಂತಾನೇ ಬರೀತೀನಿ. ಬಂದಿದ್ದನ್ನ ಬರೀಬೇಕಲ್ವೇನೋ" ಎಂದು ಪೆನ್ನಿನ ಮುಚ್ಚಳ ತೆಗೆದರು.

"ಮೇಡಂ, ತಪ್ಪಾಗಿದೆ."

"ಲೆಕ್ಕದಲ್ಲಾ? ಎಲ್ಲಿ, ತೋರ್ಸು."

"ಲೆಕ್ಕದಲ್ಲಲ್ಲ ಮೇಡಂ, ನನ್ನ ಗಂಟಲಲ್ಲಿ."

ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು. "ಅವರು ಎಡಕ್ಕೆ ಹಚ್ತಿದಾರೆ ಅಂತ ನಿಂಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ಮೂವತ್ತೈದು."

"ಫೋನ್ ಮಾಡಿದ್ದು ಚೇಷ್ಟೆ. ಈ ಮೂವತ್ತೈದು ದಿನ ಚೇಷ್ಟೆ ಅಲ್ಲ ಕಣೋ."

ಪೆನ್ನಿನ ಮುಚ್ಚಳ ಮತ್ತೆ ಹಾಕಿದರು. ಆಮೇಲೆ, "ಹೇಗೆ ಮಾಡಿದೆ? ಮಾಡು" ಎಂದರು. ಮಾಡಿದೆ. ತಲೆ ವಾರೆ ಮಾಡಿ ಕೇಳಿ, "ನಾನು ಅಷ್ಟು ಸಲ ಆಯ್ತಾ ಅಂತೀನಾ?" ಎಂದರು.

"ಹೂಂ ಮೇಡಂ."

"ಎಣಿಸಿದೀಯಾ?"

"ಇಲ್ಲ."

"ಎಣಿಸದೆ ಹೇಳಬೇಡ. ಮೂರು ಕ್ಲಾಸು ಎಣಿಸಿ ಬಂದು ಹೇಳು."

ಯಾರು ಯಾವತ್ತಿನಿಂದ ಜಡೆ ಬದಲಿಸಿದರೆಂದು ಯಾರಿಗೂ ಖಚಿತವಿರಲಿಲ್ಲ. ಮೇಡಂ ನೋಟ್‌ಬುಕ್ಕಿನ ಅಷ್ಟೂ ಪುಟಗಳಿಗೆ ಅಡ್ಡಗೆರೆ ಎಳೆದರು, ಹಾಸನಕ್ಕೆ ಬರುವುದಿಲ್ಲವೆಂದು ಫೋನ್ ಮಾಡಿದರು. "ಮತ್ತೆ ಮೊದಲಿಂದ. ಹುಡುಗಿಯರಿಗೆ ನೀನೇ ಹೇಳು. ನಿನ್ನ ಧ್ವನಿಯಲ್ಲಿ." ಇಪ್ಪತ್ತು ಜನರ ಮುಂದೆ ನಿಂತಾಗ ಹೊರಟದ್ದು ಸಣ್ಣ, ಕೀರಲು ದನಿ. "ಇದಾ ನಿನ್ ಸ್ವಂತದ್ದು? ಅದಕ್ಕೇ ಬೇರೆಯವರದ್ದು ಇಸ್ಕೊಳ್ಳೋದು" ಎಂದಳು ಮಾದಿಹಳ್ಳಿಯವಳು. ನಕ್ಕರು, ಬೈದರು, ಮತ್ತೆ ಬಲಜಡೆಗೆ ಎಣ್ಣೆ ಹಚ್ಚಿದರು.

ಮತ್ತೆ ಮೂರು ತಿಂಗಳ ಮೇಲೆ, ನಿವೃತ್ತಿಯ ಬೀಳ್ಕೊಡುಗೆಯ ದಿನವೂ ಮೇಡಂ ಅರ್ಧ ಎಣ್ಣೆಯ ತಲೆಯಲ್ಲೇ ಹಾರ ಹಾಕಿಸಿಕೊಂಡರು. ಆ ವಾರವೇ ಲೆಕ್ಕ ಮುಗಿಯಿತು: ಎಣ್ಣೆ ಹಚ್ಚಿದ ಜಡೆಯಲ್ಲಿ ತುಂಡಾದ ಕೂದಲು ಕಡಿಮೆ. "ಕಡಿಮೆ ಅಷ್ಟೇ. ಬೆಳೆಯುತ್ತೆ ಅಂತ ಹೇಳ್ಕೊಂಡು ತಿರುಗಬೇಡ, ಅದನ್ನ ನಾವು ನೋಡಿಲ್ಲ." ವರದಿಯಲ್ಲಿ ಮೊದಲ ಪ್ರಯತ್ನವನ್ನೂ ಬಚ್ಚಿಡಲಿಲ್ಲ. ಒಬ್ಬ ವಿದ್ಯಾರ್ಥಿಯ ತಪ್ಪು ಸೂಚನೆಯಿಂದ ಅದು ಕೆಟ್ಟಿತೆಂದೂ, ಅದನ್ನು ಅವನೇ ಬಂದು ತಿಳಿಸಿದನೆಂದೂ ಬರೆದಿದ್ದರು. 'ಅವನೇ ಬಂದು' ಎಂಬ ಆ ಎರಡು ಪದಗಳ ಮೇಲೆ ನಾನು ಇವತ್ತಿಗೂ ನಿಂತಿದ್ದೇನೆ.

ಹೋದ ವರ್ಷ ಮೇಡಂ ತೀರಿಕೊಂಡರು. ಬೇಲೂರಿಗೆ ಹೋದಾಗ ನೋಡಿದೆ; ತಲೆಯ ಎರಡೂ ಕಡೆಗೆ ಸಮನಾಗಿ ಎಣ್ಣೆ ಹಚ್ಚಿ ಬಾಚಿದ್ದರು. ಗುರುತೇ ಸಿಗಲಿಲ್ಲ.

ಗೆಳೆಯರು ಈಗಲೂ ಕೇಳುತ್ತಾರೆ, "ಮೇಡಂ ಮಾಡ್ಲಾ, ಆಯ್ತಾ ಎಷ್ಟು ಸಲ ಅಂತಿದ್ರು?" ನಾಳೆ ನಾಳೆ ಎಂದು ಮುಂದೂಡಿ ನಾನು ಎಣಿಸಲು ಶುರುಮಾಡಿದ್ದೇ ಅವರ ನಿವೃತ್ತಿ ಹತ್ತಿರ ಬಂದ ಮೇಲೆ. ಮೊದಲ ಕ್ಲಾಸಿನಲ್ಲಿ ಮೂವತ್ತೊಂದು, ಎರಡನೆಯದರಲ್ಲಿ ಇಪ್ಪತ್ತಾರು. ಮೂರನೆಯದಕ್ಕೆ ನಾನು ಚಕ್ಕರ್ ಹೊಡೆದಿದ್ದೆ. ಅವರ ಕ್ಲಾಸು ಅದೇ ಕೊನೆಯದೆಂದು ಗೊತ್ತಿರಲಿಲ್ಲ. ಹಾಗಾಗಿ ಗೊತ್ತಿಲ್ಲ ಎನ್ನುತ್ತೇನೆ, ನನ್ನ ಕೀರಲು ದನಿಯಲ್ಲೇ.