ಒರೆಸಿದ ದಾಳ

ನನ್ನ ತಮ್ಮ ಕೈಗೆ ಕೊಟ್ಟ ದಾಳವನ್ನು ನಾನು ಹೆಗಲ ಮೇಲಿದ್ದ ಟವೆಲಿನಿಂದ ಒರೆಸಿದೆ. ಹೇಳಬೇಕಾಗಿರುವುದು ಇಷ್ಟೇ. ಆದರೆ ಇಷ್ಟೇ ಹೇಳಿದರೆ, ಧೂಳಿತ್ತೇನೋ ಒರೆಸಿದ, ಅದರಲ್ಲೇನು ಅಂದುಕೊಳ್ಳುತ್ತೀರಿ. ಧೂಳಿರಲಿಲ್ಲ.

ಅವನಿಗೆ ಸೋರಿಯಾಸಿಸ್. ಹೈಸ್ಕೂಲಿನಲ್ಲಿರುವಾಗ ಶುರುವಾಯಿತು. ಮೊದಲು ಮೊಣಕೈ, ಆಮೇಲೆ ತಲೆ, ಆಮೇಲೆ ಎರಡೂ ಅಂಗೈ. ಚರ್ಮ ಕೆಂಪಗೆ ದಪ್ಪವಾಗಿ, ಮೇಲೆ ಬಿಳಿ ಪದರ ಎದ್ದು, ಹೊಟ್ಟಿನ ಹಾಗೆ ಉದುರುತ್ತದೆ. ಚಳಿಗಾಲದಲ್ಲಿ ಅಂಗೈ ಬಿರಿದು ನೀರು ಒಸರುತ್ತದೆ. ಬೆಳಿಗ್ಗೆ ಅವನು ಎದ್ದ ಚಾಪೆಯ ಮೇಲೆ ಉದುರಿರುತ್ತಿದ್ದುದನ್ನು ಕಂಡರೆ ನಾನು ಗೋಡೆ ಬದಿಯಿಂದ ಬಳಸಿಕೊಂಡು ಹೋಗುತ್ತಿದ್ದೆ. ಅಮ್ಮ ಅದನ್ನು ಗುಡಿಸಿ, ಅದೇ ಕೈಯಲ್ಲಿ ಕಾಫಿ ಕೊಟ್ಟರೆ ಲೋಟ ಹಾಗೇ ಆರಿಹೋಗಲು ಬಿಡುತ್ತಿದ್ದೆ.

ಬೆಂಗಳೂರಿನ ಆಸ್ಪತ್ರೆಗೆ ಅವನನ್ನು ಕರೆದುಕೊಂಡು ಹೋದವನು ನಾನೇ. ಡಾಕ್ಟರು ಅವನ ಅಂಗೈಯನ್ನು ಬರಿಗೈಯಲ್ಲೇ ಹಿಡಿದು, ಮಗುಚಿ ನೋಡಿ, "ಇದು ಅಂಟೋ ಕಾಯಿಲೆ ಅಲ್ಲ. ಒಂದೇ ತಟ್ಟೇಲಿ ಉಂಡ್ರೂ ಏನೂ ಆಗಲ್ಲ" ಅಂದರು. ನಾನು ದೊಡ್ಡ ತಿಳಿವಳಿಕೆಯವನ ಹಾಗೆ ತಲೆಯಾಡಿಸಿದೆ. ಮನೆಗೆ ಬಂದ ಮೇಲೆ ನನ್ನ ಸೋಪು ಬೇರೆ ಇಟ್ಟುಕೊಂಡೆ.

ನಮ್ಮದು ದೊಡ್ಡಬಳ್ಳಾಪುರ. ಮನೆಯ ಹಿಂದೆ ಕರೆಂಟಿನ ಎರಡು ಮಗ್ಗ. ಅಪ್ಪ ಹೋದಾಗ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ನಿಂತೆ. ತಮ್ಮನನ್ನು ಓದಿಸಿದೆವು. ಸ್ಕೂಲಿನಿಂದ ಬಂದು ಅವನು ನನ್ನ ಜೊತೆ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುತ್ತಿದ್ದ, ಹರಿದ ಎಳೆ ನನಗಿಂತ ಬೇಗ ಕಂಡುಹಿಡಿಯುತ್ತಿದ್ದ. ಒಂದು ಸಲ ಮಗ್ಗದಲ್ಲಿ ಕಪ್ಪು ಸೀರೆ ಇತ್ತು. ಅವನು ಬಗ್ಗಿ ಎದ್ದ ಕಡೆ ಬಿಳಿ ಬಿಳಿ ಉದುರಿತ್ತು. "ನೀನಿನ್ನು ಮಗ್ಗದ ಮನೆಗೆ ಬರ್ಬೇಡ ಕಣೋ, ನೂಲಿಗೆ ಬೀಳುತ್ತೆ" ಅಂದೆ. ಊದಿದ್ದರೆ ಹೋಗುತ್ತಿತ್ತು. ಅವನು ಸರಿ ಅಂದ, ಮತ್ತೆ ಒಳಗೆ ಕಾಲಿಡಲಿಲ್ಲ. ಪಿಯುಸಿ ಮುಗಿಸಿ ಬಸ್ ಸ್ಟ್ಯಾಂಡಿನ ಹತ್ತಿರದ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತ. ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಎರಡನ್ನೂ ಅವನೇ ಜೋಡಿಸುತ್ತಾನೆ.

ಸಂಜೆ ಅವನು ಇಯರ್‌ಫೋನ್ ಹಾಕಿಕೊಂಡು ಫೋನಿನಲ್ಲಿ ಆಟ ಆಡುತ್ತಿದ್ದ. ಗುಂಡು ಹೊಡೆಯುವ ಆಟವಲ್ಲ, ಬರೀ ಮಾತಿನ ಆಟ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಆ ಕತೆಯೊಳಗಿನ ಒಬ್ಬೊಬ್ಬ ಮನುಷ್ಯರಾಗಿ, ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಮಾಡಿದ್ದು ನಡೆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. "ನಾನು ಬಾಗಿಲು ಒದ್ದು ಒಳಗೆ ನುಗ್ತೀನಿ" ಎಂದು ಅವನು ಕೂಗಿದರೆ ಅಮ್ಮ ಅಡುಗೆಮನೆಯಿಂದ, "ಯಾರ್ ಮನೆ ಬಾಗ್ಲೋ?" ಅನ್ನುತ್ತಿದ್ದಳು. ವರ್ಷಗಳಿಂದ ಹೀಗೆ ಆಡುತ್ತಿದ್ದರೂ ಅವರಲ್ಲಿ ಯಾರೂ ಅವನನ್ನು ನೋಡಿರಲಿಲ್ಲ. ಅವನು ಈ ಆಟವನ್ನೇ ಹಿಡಿದುಕೊಂಡದ್ದು ಯಾಕೆಂದು ನಾನು ಯೋಚಿಸಿರಲಿಲ್ಲ.

ಹೋದ ವರ್ಷ ಅವನು ಒಂದು ವಿಷಯ ಹೇಳಿದ. ಬೆಂಗಳೂರಿನಲ್ಲಿ ಇಂಥ ಆಟಗಳಿಗೇ ಅಂತ ಒಂದು ಕನ್ವೆನ್ಷನ್. ಹಾಲಿನ ತುಂಬ ಟೇಬಲ್ ಹಾಕಿ, ಎದುರು ಬದುರು ಕೂತು ಆಡುತ್ತಾರೆ. ಅವನು ಎರಡು ಜಾಗ ಹಿಡಿದಿದ್ದ.

"ನೀನೂ ಬಾ ಅಣ್ಣ."

"ನಂಗೇನ್ ಗೊತ್ತಲಾ ಅದು? ಇಂಗ್ಲಿಷ್ ಬೇರೆ."

"ಕನ್ನಡದಲ್ಲೇ ನಡ್ಸೋ ಟೇಬಲ್ ಒಂದೈತೆ. ಹೊಸಬ್ರೂ ಆಡ್ಬೋದು. ನಿಂಗೆ ಮಾತಾಡಕ್ಕೆ ಬರುತ್ತಲ್ಲ, ಸಾಕು."

"ನೀನ್ ಹೋಗ್ಬಾ, ನಂಗ್ಯಾಕೆ?"

"ಒಬ್ನೇ ಹೋಗಕ್ಕಾಗಲ್ಲ ಅಣ್ಣ. ಈ ಸಲ ಹೋಗ್ಲಿಲ್ಲ ಅಂದ್ರೆ ಇನ್ಯಾವತ್ತೂ ಹೋಗಲ್ಲ ನಾನು. ಗೊತ್ತು ನಂಗೆ."

ಒಪ್ಪಿಕೊಂಡೆ. ಅಲ್ಲಿಂದ ತಯಾರಿ ಶುರುವಾಯಿತು.

ಕನ್ವೆನ್ಷನ್‌ನವರು ಕಳಿಸಿದ ಮೆಸೇಜನ್ನು ಅವನು ಓದಿ ಹೇಳಿದ. ಹೊತ್ತಿಗೆ ಮುಂಚೆ ಬರಬೇಕು. ಪೆನ್ಸಿಲ್, ನೀರು, ದಾಳ ತರಬೇಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಕೊನೆಗೆ, ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿಕೊಂಡು ಬನ್ನಿ, ಒಂದೇ ಟೇಬಲಿನ ಸುತ್ತ ತುಂಬ ಹೊತ್ತು ಕೂರಬೇಕು.

ನನಗೆ ನಗು ತಡೆಯಲಾಗಲಿಲ್ಲ. "ಸ್ನಾನ ಮಾಡಿ ಅಂತ ಬರ್ದು ತಿಳಿಸ್ಬೇಕೇನೋ ಬೆಂಗ್ಳೂರವ್ರಿಗೆ?"

ಅವನೂ ನಕ್ಕ. ನಕ್ಕು, ಫೋನನ್ನು ಮಗುಚಿಟ್ಟು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

ಕರೆಂಟು ಇಲ್ಲದ ಒಂದು ಭಾನುವಾರ. ಮಗ್ಗ ನಿಂತಿತ್ತು. ಜಗಲಿಯ ಮೇಲೆ ಚಾಪೆ ಹಾಸಿ ನನಗೆ ಆಟ ಕಲಿಸಲು ಕೂತ.

"ಮೊದ್ಲು ನೀನು ಯಾರಾಗ್ತೀಯ ಹೇಳು."

"ಯಾರಾದ್ರೂ ಆಗ್ಬೋದಾ?"

"ಹೂಂ, ಯಾರಾದ್ರೂ."

"ಹಂಗಾದ್ರೆ ಮಗ್ಗ ಇಲ್ದೋನಾಗ್ತೀನಿ."

ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಕೊನೆಗೆ ನನ್ನನ್ನು ಕೋಟೆಯ ಕಾವಲುಗಾರನನ್ನಾಗಿ ಮಾಡಿ, ಹಾಳೆಯ ಮೇಲೆ ನನ್ನ ಬಲ, ಬುದ್ಧಿ, ಧೈರ್ಯ ಎಲ್ಲಕ್ಕೂ ಅಂಕ ಬರೆದ. ಧೈರ್ಯಕ್ಕೆ ಧಾರಾಳವಾಗಿ ಕೊಟ್ಟಿದ್ದ.

"ದೇವನಹಳ್ಳಿ ಕೋಟೆ ಥರ ಒಂದು ಕೋಟೆ ಅನ್ಕೋ. ಕತ್ಲೆ. ಒಳಗಿನ ಬಾಗ್ಲು ಮುಚ್ಚೈತೆ. ಅದರಾಚೆ ಏನೋ ಉಸಿರಾಡ್ತೈತೆ. ಏನ್ಮಾಡ್ತೀಯ?"

"ಮನೆಗ್ ಬರ್ತೀನಿ."

"ಅಣ್ಣಾ!"

"ಮತ್ತಿನ್ನೇನ್ಲಾ, ಉಸಿರಾಡೋ ಬಾಗ್ಲಿಗೆ ಯಾವನ್ ಹೋಗ್ತಾನೆ?"

"ಸರ್ಯಾಗೇ ಹೇಳ್ತಾವ್ನೆ ಬುಡೋ" ಅಂದಳು ಅಮ್ಮ ಒಳಗಿಂದ.

"ಆಯ್ತು ಕಣೋ. ಬಾಗ್ಲಿಗೆ ಕಿವಿ ಇಟ್ಟು ಕೇಳ್ತೀನಿ."

"ಹಾಂ, ಹಂಗೆ! ಈಗ ದಾಳ ಹಾಕು. ಜಾಸ್ತಿ ಬಿದ್ರೆ ಕೇಳಿಸುತ್ತೆ, ಕಮ್ಮಿ ಬಿದ್ರೆ ಇಲ್ಲ."

ಇಪ್ಪತ್ತು ಮುಖದ ನೀಲಿ ದಾಳ. ಚೌಕಾಬಾರದ ಕವಡೆ ಬಿಟ್ಟರೆ ನಾನು ಇನ್ನೇನನ್ನೂ ಉರುಳಿಸಿದವನಲ್ಲ. ಅವನು ತನ್ನ ಅಂಗೈಯಿಂದ ನನ್ನ ಅಂಗೈಗೆ ಇಟ್ಟ. ಬೆಚ್ಚಗಿತ್ತು. ಕೊರೆದ ಒಂದು ಅಂಕಿಯೊಳಗೆ ಬಿಳಿಯ ಚೂರೊಂದು ಅಂಟಿಕೊಂಡಿತ್ತು. ಟವೆಲು ತೆಗೆದುಕೊಂಡು ಮೊದಲು ಆ ಅಂಕಿಯನ್ನು, ಆಮೇಲೆ ಇಡೀ ದಾಳವನ್ನು ತಿರುಗಿಸಿ ತಿರುಗಿಸಿ ಒರೆಸಿದೆ. ತಲೆ ಎತ್ತಿದಾಗ ಅವನು ನೋಡುತ್ತಿದ್ದ.

"ಮಗ್ಗದ ಕೈ ಕಣೋ, ಅಭ್ಯಾಸ" ಅಂದೆ.

ಮಗ್ಗದವರಿಗೆ ಆ ಅಭ್ಯಾಸ ಇರುವುದು ನಿಜ. ಕೈಯಲ್ಲಿ ಎಣ್ಣೆ ಇರುತ್ತದೆ, ರೇಷ್ಮೆ ಮುಟ್ಟುವ ಮೊದಲು ಒರೆಸಿಕೊಳ್ಳುತ್ತೇವೆ. ಟವೆಲು ಹೆಗಲ ಮೇಲಿರುವುದೇ ಅದಕ್ಕೆ. ಆದರೆ ಅವನೂ ಅದೇ ಮನೆಯಲ್ಲಿ ಬೆಳೆದವನು. ನಾವು ಒರೆಸಿಕೊಳ್ಳುವುದು ನಮ್ಮ ಕೈಯನ್ನು. ನಮ್ಮ ಕೊಳೆ ನೂಲಿಗೆ ಹತ್ತದಿರಲಿ ಎಂದು. ನೂಲನ್ನು ಯಾರೂ ಒರೆಸುವುದಿಲ್ಲ. ಸುಳ್ಳು ಹೇಳಲು ಬೇರೆ ಏನೂ ಸಿಗದೆ, ಅವನಿಗೆ ನನ್ನಷ್ಟೇ ಗೊತ್ತಿದ್ದ ಕಸುಬನ್ನೇ ಹಿಡಿದುಕೊಂಡಿದ್ದೆ.

"ಹೂಂ" ಅಂದ. "ಹಾಕು."

ಹಾಕಿದೆ. ಹದಿನೇಳು ಬಿತ್ತು.

"ಚೆನ್ನಾಗೇ ಕೇಳಿಸ್ತು ನಿಂಗೆ" ಅಂದು ಆಟ ಮುಂದುವರಿಸಿದ.

ಆಮೇಲೊಂದು ದಿನ ಅಂಗಡಿಯಿಂದ ಬರುವಾಗ ಒಂದು ಚಿಕ್ಕ ಬಟ್ಟೆಯ ಚೀಲ ತಂದು ನನ್ನ ಮುಂದಿಟ್ಟ. ಒಳಗೆ ಕೆಂಪು ದಾಳಗಳು. ಅವನು ಮುಟ್ಟಿಯೂ ಇರಲಿಲ್ಲ, ಅಂಗಡಿಯ ಪ್ಲಾಸ್ಟಿಕ್ ಹಾಗೇ ಇತ್ತು. "ಅಲ್ಲಿ ಒಬ್ರ ದಾಳ ಇನ್ನೊಬ್ರು ಮುಟ್ಟಂಗಿಲ್ಲ ಅಣ್ಣ, ಅದೃಷ್ಟ ಹೋಗುತ್ತೆ ಅಂತಾರೆ. ಇವು ನಿಂಗೆ."

ಒಳ್ಳೆಯ ನಿಯಮ ಅನ್ನಿಸಿತು ನನಗೆ. ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು. ಅವನ ಚರ್ಮ ನೆನೆದು ನನಗಾಗುತ್ತಿದ್ದ ಹೇಸಿಗೆಗಿಂತ, ಆ ಹಗುರವನ್ನು ನೆನೆದು ಈಗ ಆಗುವ ಹೇಸಿಗೆ ದೊಡ್ಡದು.

ನಾನೂ ನನ್ನ ಕಡೆಯಿಂದ ಒಂದು ತಯಾರಿ ಮಾಡಿದೆ. ಗಾರ್ಮೆಂಟ್ಸಿಗೆ ಹೋಗುವವರು ಕೊಳ್ಳುವ ಅಂಗಡಿಯಿಂದ ಬಿಳಿ ಹತ್ತಿಯ ಗ್ಲೌಸು ತಂದೆ. "ಹತ್ತತ್ರ ಕೂತಿರ್ತಾರೆ. ಯಾರಾದ್ರೂ ಏನಾದ್ರೂ ಅಂದ್ಬಿಟ್ರೆ ನಿಂಗೇ ಬೇಜಾರು. ಹಾಕ್ಕೊಂಡಿರು" ಅಂದೆ, ಕಾಳಜಿಯ ದನಿಯಲ್ಲಿ. ಅವನು ಹಾಕಿಕೊಂಡು ನೀಲಿ ದಾಳ ಎತ್ತಲು ನೋಡಿದ. ಜಾರಿತು. ಮತ್ತೆ ಎತ್ತಿದ. "ಅಭ್ಯಾಸ ಆಗುತ್ತೆ ಬಿಡು" ಅಂದ.

ಆ ದಿನ ಬೆಳಗಿನ ರೈಲಿಗೆ ಹೋದೆವು. ಅವನು ಎರಡು ಸಲ ಸ್ನಾನ ಮಾಡಿದ್ದ. ರೈಲಿನಲ್ಲಿ ಕಿಟಕಿಯ ಕಡೆ ತಿರುಗಿ ತನ್ನ ಭುಜದ ಮೇಲೆ ಬಿದ್ದದ್ದನ್ನು ಕೊಡವಿಕೊಳ್ಳುತ್ತಲೇ ಇದ್ದ. ನಾನು ನಡುವೆ ಬ್ಯಾಗು ಇಟ್ಟುಕೊಂಡು ಕೂತಿದ್ದೆ.

ಹಾಲಿನಲ್ಲಿ ಗದ್ದಲವೋ ಗದ್ದಲ. ಒಬ್ಬ ತಲೆಗೆ ಕೊಂಬು ಕಟ್ಟಿಕೊಂಡು ಇಡ್ಲಿ ತಿನ್ನುತ್ತಿದ್ದ. ನಮ್ಮ ಟೇಬಲಿನಲ್ಲಿ ಕತೆ ನಡೆಸಲು ಕನ್ನಡಕದ ಒಬ್ಬ ಮೇಡಮ್ಮು, ಆಡಲು ಒಬ್ಬಳು ಕಾಲೇಜು ಹುಡುಗಿ, ತುಮಕೂರಿನ ಕಡೆಯ ಒಬ್ಬ ದಪ್ಪ ಆಸಾಮಿ. ತಮ್ಮ ನಮಸ್ಕಾರ ಅಂದದ್ದೇ ತಡ, ಆ ಆಸಾಮಿ ಎದ್ದು ನಿಂತ. "ಅಯ್ಯೋ ಗುರು, ನೀನಾ! ದನಿ ಕೇಳಿದ ತಕ್ಷಣ ಗೊತ್ತಾಗೋಯ್ತು!" ಎಂದು ಕೈ ಚಾಚಿದ. ತಮ್ಮ ಗ್ಲೌಸಿನ ಕೈಯನ್ನೇ ಕೊಟ್ಟ. "ಇದೇನ್ ಗುರು, ಮ್ಯಾಜಿಕ್ ಮಾಡೋರ್ ಥರ?"

ತಮ್ಮ ನನ್ನ ಕಡೆ ನೋಡಿದ. ಆ ಗ್ಲೌಸಿನ ಬಗ್ಗೆ ಏನಾದರೂ ಒಂದು ಮಾತು ನಾನು ಹೇಳಬೇಕಿತ್ತು. ನಾನು ನನ್ನ ಹಾಳೆಯಲ್ಲಿ ಧೈರ್ಯದ ಅಂಕ ಎಲ್ಲಿದೆಯೆಂದು ಹುಡುಕುತ್ತಿದ್ದೆ.

ಆಟ ಶುರುವಾಯಿತು. ಅವನ ದಾಳ ಜಾರಿ ಟೇಬಲಿನ ಕೆಳಗೆ ಬಿತ್ತು. ಬಗ್ಗಿ ತಂದ. ಮತ್ತೆ ಬಿತ್ತು. ಮೂರನೆಯ ಸಲ ಮೇಡಮ್ಮು, "ತೆಗೆದ್ಬಿಡಪ್ಪ ಅದನ್ನ, ಸೆಖೆ ಬೇರೆ" ಅಂದರು. ಅವನು ಒಂದೊಂದೇ ಬೆರಳು ಬಿಡಿಸಿ ತೆಗೆದ. ಒಳಗಿನ ಬಿಳಿ ಪುಡಿ ಟೇಬಲಿನ ಮೇಲೆ ಉದುರಿತು. ನಾನು ಸುತ್ತ ಕೂತವರ ಮುಖ ನೋಡಿದೆ.

"ಸೋರಿಯಾಸಿಸ್ಸು. ಅಂಟಲ್ಲ" ಅಂದ ಅವನು, ಯಾರ ಮುಖವನ್ನೂ ನೋಡದೆ.

"ನಮ್ ಅತ್ತೆಗೂ ಇದೆ" ಅಂದಳು ಹುಡುಗಿ. "ಚಳೀಲಿ ತುಂಬಾ ಉರಿಯುತ್ತೆ ಅಲ್ವಾ?"

"ಅದಿರ್ಲಿ ಗುರು, ಮೊದ್ಲು ಬಾಗ್ಲು ಒದಿ, ಎಷ್ಟೊತ್ತಿಂದ ಕಾಯ್ತಿದೀವಿ" ಅಂದ ಆಸಾಮಿ.

ಅವನು ಒದ್ದ. ಬಾಗಿಲು ಮುರಿಯಿತು. ಅಲ್ಲಿಂದ ಮುಂದೆ ಫೋನಿನಲ್ಲಿ ಕೇಳುತ್ತಿದ್ದ ದನಿಯೇ ಅವನ ಬಾಯಿಂದ ಬರತೊಡಗಿತು. ಹುಡುಗಿ, "ನಂದು ಬರೀ ಒಂದು, ಎರಡೇ ಬೀಳ್ತಿದೆ, ನಿಮ್ದು ಕೊಡಿ" ಎಂದು ನೀಲಿ ದಾಳವನ್ನು ಅವನ ಅಂಗೈಯಿಂದಲೇ ಎತ್ತಿಕೊಂಡು, ಊದಿ ಹಾಕಿದಳು. ಅವನು ನಿಯಮ ಹೇಳುತ್ತಾನೆಂದು ಕಾದೆ. ಹೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಲ್ಲರ ದಾಳವೂ ಟೇಬಲಿನ ನಡುವೆ ಸೇರಿ, ಯಾವುದು ಯಾರದೆಂದು ತಿಳಿಯದಾಯಿತು. ಅಂಥ ನಿಯಮ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನು ಅದನ್ನು ನನಗೊಬ್ಬನಿಗೇ ಮಾಡಿದ್ದ, ನಾನು ಮತ್ತೆ ಟವೆಲು ತೆಗೆಯುವುದನ್ನು ನೋಡಬೇಕಾಗದಿರಲಿ ಎಂದು. ನನ್ನ ಕೆಂಪು ದಾಳದ ಚೀಲ ಮಾತ್ರ ನನ್ನ ಮೊಣಕೈ ಹತ್ತಿರ ಒಂಟಿಯಾಗಿ ಕೂತಿತ್ತು.

ನನ್ನ ಸರದಿ ಬಂತು. ಚೀಲ ಬಿಟ್ಟು, ಅವನ ಮುಂದೆ ಅಂಗೈ ಹಿಡಿದೆ. ಹೇಸಿಗೆ ಹೋಗಿತ್ತು ಅಂದರೆ ಸುಳ್ಳು.

"ನಿಂದ್ ಕೊಡೋ."

ಅವನು ನನ್ನ ಅಂಗೈಯನ್ನು ನೋಡಿದ. ನೀಲಿ ದಾಳ ಅವನ ಬೆರಳ ತುದಿಯಲ್ಲೇ ಇತ್ತು. ಅದನ್ನು ಬಿಟ್ಟು, ನನ್ನ ಚೀಲವನ್ನು ದಾರ ಹಿಡಿದು ನನ್ನ ಕಡೆ ಎಳೆದು ಇಟ್ಟ.

"ನಿಂದೇ ಐತಲ್ಲಣ್ಣ. ಹೊಸ್ದು. ಒರ್ಸೋದೇನ್ ಬೇಡ."

ಕೋಪವಿರಲಿಲ್ಲ. ಮನೆಯಲ್ಲಿ ನನ್ನ ಸೋಪು ಎಲ್ಲಿದೆಯೆಂದು ಹೇಳುವಾಗಿನ ದನಿಯೇ. ಟೇಬಲಿನವರಿಗೆ ಅದು ಏನೂ ಅನ್ನಿಸಲಿಲ್ಲ, ಕಾವಲುಗಾರ ಏನು ಮಾಡುತ್ತಾನೆ ಎಂದು ಕಾಯುತ್ತಿದ್ದರು. ನಾನು ನನ್ನ ಕೆಂಪು ದಾಳವನ್ನು ಹಾಕಿದೆ. ಎಷ್ಟು ಬಿತ್ತೆಂದು ನನಗೆ ನೋಡಲಾಗಲಿಲ್ಲ. ಅವನೇ ಬಗ್ಗಿ, ಮುಟ್ಟದೆ, ಓದಿ ಹೇಳಿದ.