ವಿಮಾನದ ವೀರಣ್ಣನಿಗೊಂದು ಚಪ್ಪಾಳೆ

ಅಮೆರಿಕದ ಸಿಯಾಟಲ್ ಬಳಿಯ ಮುಕಿಲ್ಟಿಯೊದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಫೆರಿ ಕಟ್ಟೆಯ ಪಕ್ಕ ನಿಂತ ಹಳೇ ಕಾರಿನ ಕಿಟಕಿಯಿಂದ ಬಾಸ್ ಗಿಟಾರಿನ ಕತ್ತು ಹೊರಗೆ ಚಾಚಿದೆ. ಒಳಗೆ ಮಂಕಿ ಕ್ಯಾಪ್ ಹಾಕಿಕೊಂಡು ಹೆಬ್ಬೆರಳಿನಿಂದ ತಂತಿ ಬಡಿಯುತ್ತಿರುವವರು ವೀರಣ್ಣ. ಈ ವಯಸ್ಸಿನಲ್ಲಿ, ಈ ಚಳಿಯಲ್ಲಿ ಇಲ್ಲೇಕೆ?

"ಮನ್ಯಾಗ ಬಾರಿಸಿದ್ರ ನಮ್ಮ ಮನಿಯಾಕಿ ಶರಣವ್ವನ ಪೂಜಿ ಕೆಡತೈತ್ರೀ. ದೇವರ ಮುಂದಿನ ದೀಪಾನೂ ಅಳ್ಳಾಡತಾವಂತ!"

ಗದಗಿನ ವೀರಣ್ಣ ಎಪ್ಪತ್ತರ ದಶಕದಲ್ಲಿ ಎಂಜಿನಿಯರಿಂಗ್ ಓದಲು ಸಿಯಾಟಲ್ಲಿನ ಯೂನಿವರ್ಸಿಟಿ ಡಿಸ್ಟ್ರಿಕ್ಟಿಗೆ ಬಂದವರು. ಅವರ ಕೋಣೆಯ ಕೆಳಗೆ ಕಪ್ಪು ಹುಡುಗರದೊಂದು ತಂಡ; ಕೂತವರನ್ನೂ ಕುಣಿಸುವ ಫಂಕ್ ಸಂಗೀತ ಅವರದು. ಬಾಸ್ ಬಾರಿಸುವವನು ಕೈಕೊಟ್ಟ ದಿನ, ಮೇಲೆ ಬಕೆಟ್ಟಿನ ಮೇಲೆ ತಾಳ ಹಾಕುತ್ತಿದ್ದ ಈ ಭಜನೆ ಮನೆತನದ ಹುಡುಗನನ್ನೇ ಅವರು ಎಳೆದುಕೊಂಡರು. ಓದು ಮುಗಿದ ಮೇಲೆ ಹಗಲು ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆ, ಸಂಜೆ ಫಂಕ್. ಸಿಯಾಟಲ್ ಕ್ಲಬ್ಬುಗಳಲ್ಲಿ ಇಂದು ಬಾಸ್ ಹಿಡಿದ ಎಷ್ಟೋ ಮಂದಿಗೆ ಇವರೇ ಗುರು. ಕನ್ನಡ ಸಂಘಕ್ಕೆ ಮಾತ್ರ ಬರೀ 'ವಿಮಾನದ ವೀರಣ್ಣ'.

ಅವರ ಬಾಸ್ ಸಂಘದಲ್ಲಿ ನಡೆಯದಿದ್ದುದಕ್ಕೆ ತಪ್ಪು ಚಪ್ಪಾಳೆಯದು. ಫಂಕ್‌ನಲ್ಲಿ ನಾಲ್ಕು ಪೆಟ್ಟುಗಳಲ್ಲಿ ಎರಡನೆಯದರ, ನಾಲ್ಕನೆಯದರ ಮೇಲೆ ಚಪ್ಪಾಳೆ ಬೀಳಬೇಕು. ನಮ್ಮವರೋ ಭಜನೆಯ ರೂಢಿಯಲ್ಲಿ ಒಂದಕ್ಕೂ ಮೂರಕ್ಕೂ ಹಾಕುತ್ತಾರೆ, ಅದೂ ಜೋರಾಗಿ! ಹಿಂದೊಮ್ಮೆ ಸಂಘದ ವೇದಿಕೆಯಲ್ಲಿ ಹಾಗೇ ಆಗಿ, ವೀರಣ್ಣನ ತಂಡ ದಿಕ್ಕೆಟ್ಟು ನಿಂತೇಬಿಟ್ಟಿತು. ಸಭೆ ಹಾಡು ಮುಗಿಯಿತೆಂದು ತಿಳಿದು ಊಟಕ್ಕೆ ಎದ್ದಿತು.

"ಊರ ಮಂದೀನೆಲ್ಲಾ ಕುಣಿಸೇನ್ರಿ. ನಮ್ಮ ಮಂದೀನ ಒಮ್ಮಿ ಕುಣಿಸಬೇಕು, ಅಷ್ಟ ಆಶಾ ನಂದು."

ಶನಿವಾರ, ಪಕ್ಕದ ಊರು ಬಾಥೆಲ್‌ನ ಸಭಾಂಗಣ. ಮತ್ತೆ ಸಂಘದ ಕಾರ್ಯಕ್ರಮ. ಕಾರ್ಯದರ್ಶಿ ನಂಜುಂಡಸ್ವಾಮಿ ಎಚ್ಚರಿಸುತ್ತಾರೆ: "ಐದೇ ನಿಮಿಷ ಸರ್, ಬಿಸಿಬೇಳೆಬಾತ್ ಆರಿಹೋಗುತ್ತೆ." ವೀರಣ್ಣ ಶುರುಮಾಡುತ್ತಾರೆ. ಮೈಕಿನಲ್ಲಿ ನಂಜುಂಡಸ್ವಾಮಿ, "ಎಲ್ರೂ ಚಪ್ಪಾಳೆ!" ಅಯ್ಯೋ, ಬಿತ್ತಲ್ಲ, ಒಂದಕ್ಕೆ, ಮೂರಕ್ಕೆ! ಜನವನ್ನು ತಿದ್ದುವುದು ಆಗದ ಮಾತು. ವೀರಣ್ಣ ಡ್ರಮ್ಸ್ ಬಾರಿಸುತ್ತಿದ್ದ ಶಿಷ್ಯೆ ನವ್ಯಾಗೆ ಕಣ್ಸನ್ನೆ ಮಾಡಿ, ನಡುವೆ ಒಂದು ಪೆಟ್ಟಿನಷ್ಟು ಸುಮ್ಮನೆ ನಿಂತು ಮತ್ತೆ ಹಿಡಿಯುತ್ತಾರೆ. ಹಾಡೇ ಒಂದು ಹೆಜ್ಜೆ ಸರಿದು, ತಪ್ಪು ಚಪ್ಪಾಳೆಯೆಲ್ಲ ಸರಿಯಾದ ಜಾಗದಲ್ಲಿ ಕೂರುತ್ತದೆ. ಮುಂದಿನ ಸಾಲಿನ ಅಜ್ಜಿಯರೂ ಹೆಗಲು ಕುಣಿಸುತ್ತಾರೆ. ಬಿಸಿಬೇಳೆಬಾತ್ ಯಾರಿಗೂ ನೆನಪಿಲ್ಲ.

"ತಾಳ ನಮ್ ಜನದ ರಕ್ತದಲ್ಲೇ ಇದೆ ಸರ್!" ಎನ್ನುತ್ತಾರೆ ನಂಜುಂಡಸ್ವಾಮಿ.

"ಹೌದ್ರೀ, ಹೌದು," ಎನ್ನುತ್ತಾ ವೀರಣ್ಣ ಗಿಟಾರನ್ನು ಚೀಲಕ್ಕಿಳಿಸುತ್ತಾರೆ. ಹೊಟ್ಟೆ ತುಂಬಿದಷ್ಟು ಖುಷಿ ಅವರಿಗೆ.

ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹೆಂಡತಿ ಶರಣವ್ವ ಮುಖ ಗಂಟು ಹಾಕಿಕೊಂಡಿದ್ದಾರೆ.

"ನಡುವ ಒಂದು ಪೆಟ್ಟು ಹೆಚ್ಚಿಗಿ ನಿಂತ್ರಿ, ಹೌದಲ್ರೀ?"

ವೀರಣ್ಣ ಬಡಿಸಿಕೊಳ್ಳುವುದನ್ನು ಬಿಟ್ಟು ತಿರುಗುತ್ತಾರೆ. "ನಿನಗ ಹೆಂಗ ಗೊತ್ತಾತು?"

"ಇಷ್ಟು ವರ್ಷ ನಾ ಏನು ಕಿವಿ ಮುಚ್ಚಿಕೊಂಡು ಕುಂತಿದ್ನೇನು? ಇಡೀ ಹಾಲಿನ್ಯಾಗ ನಾ ಒಬ್ಬಾಕಿನ ಸರಿ ಚಪ್ಪಾಳಿ ಹಾಕಾಕತ್ತಿದ್ದೆ. ನೀವು ನಿಂತ್ರಿ, ನಂದ ತಪ್ಪಾತು!"