ನಗುನಗುತ್ತಾ ಕೊಟ್ಟ ಬಳೆ

ನೆನೆದ ಮೆಂತ್ಯದ ಕಹಿವಾಸನೆ ಮೂಗಿಗೆ ಬಿದ್ದರೆ ಈಗಲೂ ಗುಬ್ಬಿಯ ನಮ್ಮ ಮನೆಯ ಹಿತ್ತಲು ಕಣ್ಣಿಗೆ ಕಟ್ಟುತ್ತದೆ. ಹಳೇ ಪೇಪರು ನೆನೆಹಾಕಿ, ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಬಿದಿರಿನ ಮೊರದ ಸಂದು ಮುಚ್ಚುವಂತೆ ಬಳಿಯುವುದು ಸಾವಿತ್ರತ್ತೆಯ ಕೆಲಸ. ಅವಳು ಅಪ್ಪನ ತಂಗಿ. ಗಂಡ ಅಮೃತೂರಿನವರು, ಮಿಲಿಟರಿಯಲ್ಲಿದ್ದರು. ಚೀನಾ ಯುದ್ಧ ಶುರುವಾದ ಮೇಲೆ ಅವರ ಕಾಗದ ನಿಂತುಹೋಗಿತ್ತು.

ಆಗಲೇ ನಮ್ಮೂರಲ್ಲಿ ರಕ್ಷಣಾ ನಿಧಿಗೆ ಚಿನ್ನ ಕೂಡಿಸುವ ಸಭೆ ನಡೆಯಿತು. ಯೋಧನ ಹೆಂಡತಿಯೇ ಮೊದಲು ಕೊಡಬೇಕೆಂದು ಊರ ದೊಡ್ಡವರು ತೀರ್ಮಾನಿಸಿದರು. ಅವಳನ್ನು ಕೇಳಿದವರು ಯಾರು? ಗಂಡನ ಸುದ್ದಿ ಬರುವತನಕ ಕೈಬಳೆ ಮುಟ್ಟಬೇಡಿ ಎಂದು ಅತ್ತೆ ತಾತನ ಕಾಲು ಹಿಡಿದಳು. ಮನೆತನದ ಮರ್ಯಾದೆ ಎಂದು ತಾತ ಕರೆದುಕೊಂಡೇ ಹೋದರು. ವೇದಿಕೆಯ ಮೇಲೆ ಬಿಗಿಯಾಗಿದ್ದ ಚಿನ್ನದ ಬಳೆ ಎಳೆಯುವಾಗ ಪಕ್ಕದ ಗಾಜಿನ ಬಳೆ ಪಟ್ಟನೆ ಒಡೆಯಿತು. ಮುತ್ತೈದೆಯ ಬಳೆ, ಅದೂ ಅಂಥ ಹೊತ್ತಲ್ಲಿ! ಅಳು ನುಂಗಲು ಅತ್ತೆ ಹಲ್ಲು ಕಚ್ಚಿದಳು, ತುಟಿ ಅಗಲವಾಗಿ ಹಲ್ಲು ಕಂಡವು. ಕ್ಯಾಮೆರಾದವನು ಅದೇ ಗಳಿಗೆ ಹಿಡಿದ. ಪೇಪರಿನಲ್ಲಿ ಚಿತ್ರ ಬಂತು, ಕೆಳಗೆ ಒಂದು ಸಾಲು: 'ನಗುನಗುತ್ತಾ ಬಳೆ ಕೊಟ್ಟ ಯೋಧನ ಪತ್ನಿ.' ಮುಂದೆಯೇ ಕೂತು ಬಳೆ ಒಡೆದದ್ದನ್ನು ಕಣ್ಣಾರೆ ಕಂಡವರೂ ಆ ನಗುವನ್ನು ಕೊಂಡಾಡತೊಡಗಿದರು. ಥೂ, ಇವರ ಕಣ್ಣಿಗಿಷ್ಟು!

ಸಾವಿನ ತಂತಿ ಬಂದ ದಿನ ಅತ್ತೆ ಎದೆ ಬಡಿದುಕೊಂಡು ಅತ್ತಳು. ನೆರೆಮನೆಯ ದೊಡ್ಡಮ್ಮ ಗದರಿದರು: "ಸುಮ್ನಿರೇ. ನಗ್ತಾ ಬಳೆ ಕೊಟ್ಟೋಳು ನೀನು. ಹಿಂಗೆಲ್ಲಾ ಅಳಬಾರ್ದು ಕಣೇ, ನಾಲ್ಕು ಜನ ಏನಂತಾರೆ?"

"ನಾನೆಲ್ಲಿ ನಕ್ಕೆ?" ಅಂದಳು ಅತ್ತೆ.

"ಪೇಪರ್ನಲ್ಲೇ ಬಂದಿದೆಯಲ್ಲೇ."

ಗಂಡನನ್ನು ಯುದ್ಧ ಕಿತ್ತುಕೊಂಡಿತು, ಅಳುವ ಹಕ್ಕನ್ನು ಆ ಒಂದು ಸಾಲು. ನನ್ನ ಹೊಟ್ಟೆಯುರಿ ಇನ್ನೂ ಆರಿಲ್ಲ. ತಾತ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದ ಆ ಚಿತ್ರವನ್ನು ಅತ್ತೆ ಒಂದು ದಿನ ಬಿಚ್ಚಿ, ನೆನೆಸಿ, ಮೆಂತ್ಯದ ಜೊತೆ ಒರಳಿಗೆ ಹಾಕಿದಳು. ತಾತ ಕೂಗಾಡಿದರು, ಅವಳು ತಲೆಯೆತ್ತದೆ ರುಬ್ಬಿದಳು. ಅದನ್ನು ಬಳಿದ ಮೊರದಲ್ಲೇ ವರ್ಷಗಟ್ಟಲೆ ರಾಗಿ ಕೇರಿದಳು.

ಅತ್ತೆ ಹೋದಳು, ಆ ಮನೆಯೂ ಹೋಯಿತು. ಹಾಳು ಚಿತ್ರ ಮಾತ್ರ ಸಾಯಲಿಲ್ಲ. ಯುದ್ಧದ ನೆನಪಿನ ಪುಟದಲ್ಲಿ ಮೊನ್ನೆ ಮತ್ತೆ ಬಂದಿತ್ತು, ಅದೇ ಸಾಲಿನ ಸಮೇತ. ಚಳಿಗೆ ಬಟ್ಟೆಯೂ ಸರಿಯಿಲ್ಲದೆ ಗಡಿಯಲ್ಲಿ ಆ ಸೈನಿಕ ಹುಡುಗರನ್ನು ಸಾಯಲು ಬಿಟ್ಟವರು ಯಾರೆಂದು ಒಂದಕ್ಷರವಿಲ್ಲ.

"ಎಷ್ಟು ಚೆನ್ನಾಗಿ ನಗ್ತಿದಾರಲ್ವಾ ಅಜ್ಜಿ?" ಅಂದಳು ಮೊಮ್ಮಗಳು.

ನಾನು ಪೇಪರನ್ನು ಬಕೆಟ್ಟಿನ ನೀರಿಗೆ ಅದ್ದಿ, ಮೆಂತ್ಯದ ಡಬ್ಬಿ ತಂದುಕೊಡು ಅಂದೆ.